ಹಕ್ಕಿಯ ಪಾಲಿನ ಬೀಜ

ನಮ್ಮ ಕಡೆಯ ಒಕ್ಕಲುತನದ ಮನೆಗಳಲ್ಲಿ ಬೆಳೆದವರಿಗೆ ಸೀಗಿಹುಣ್ಣಿವೆಯ ಚರಗದ ನೆನಪು ಇಲ್ಲದೆ ಇರಲಾರದು. ಬುಟ್ಟಿಯ ತುಂಬ ಕಡುಬು, ಹೋಳಿಗೆ, ಬಾನ, ಪಲ್ಯಗಳನ್ನು ಕಟ್ಟಿಕೊಂಡು, ಮನೆಮಂದಿಯೆಲ್ಲ ಬಂಡಿಯಲ್ಲಿ ಹೊಲಕ್ಕೆ ಹೋಗಿ, ಕಾಳು ಕಟ್ಟಿ ನಿಂತ ಬೆಳೆಗೆ ಬಸುರಿ ಹೆಣ್ಣುಮಗಳಿಗೆ ಮಾಡುವಂತೆ ಉಪಚಾರ ಮಾಡಿ, ಮಾಡಿ ತಂದ ಅಡಿಗೆಯ ಮೊದಲ ಪಾಲನ್ನು ಹೊಲದ ನಾಲ್ಕೂ ಬದುವಿಗೆ ಚೆಲ್ಲಿ ಬಂದ ಮೇಲೆಯೇ ನಮ್ಮ ಊಟ. ಚಿಕ್ಕಂದಿನಲ್ಲಿ ನಾನು, "ಇದನ್ನು ಯಾರು ಉಣ್ಣುವರು?" ಎಂದು ಅಜ್ಜನನ್ನು ಕೇಳಿದ್ದುಂಟು. "ಭೂಮಿತಾಯಿ ಉಣ್ಣುವಳು; ಆಕೆ ಉಂಡು ಉಳಿದದ್ದನ್ನು ಹಕ್ಕಿಗಳು ಉಣ್ಣುವವು" ಎಂದು ಆತನು ಹೇಳುತ್ತಿದ್ದನು. ಹೊಲದ ಬೆಳೆಯಲ್ಲಿ ಹಕ್ಕಿಗೂ ಒಂದು ಪಾಲುಂಟೆಂಬುದು ಆ ಕಾಲದವರಿಗೆ ವಾದದ ವಿಷಯವಾಗಿರಲಿಲ್ಲ.

ಆ ಪಾಲು ಈಗ ಬಹಳ ಸಣ್ಣದಾಗಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳು 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಗೆ ಸೇರಿದವು. ಒಂದು ಕಾಲಕ್ಕೆ ಈ ನೆಲದಲ್ಲಿ ಸಾವಿ, ನವಣಿ, ಸಜ್ಜಿ, ಜೋಳಗಳು ತಲೆದೂಗುತ್ತಿದ್ದವು. ಇಂದು ಬಸ್ಸಿನ ಕಿಡಿಕಿಯಿಂದ ನೋಡಿದರೆ ಮಳೆಗಾಲದಲ್ಲಿ ಕಣ್ಣು ಹರಿಯುವಷ್ಟು ದೂರ ಗೋವಿನಜೋಳವೇ ಕಾಣುವದು. ರಾಜ್ಯದಲ್ಲಿ ಈ ಬೆಳೆಯನ್ನು ಹೆಚ್ಚಾಗಿ ತೆಗೆಯುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ರೈತನ ಕೈಗೆ ನಾಲ್ಕು ಕಾಸು ಕೊಡುವ ಬೆಳೆಯನ್ನು ಜರೆಯುವದು ನನ್ನ ಉದ್ದೇಶವಲ್ಲ. ಆದರೆ ಗೋವಿನಜೋಳದ ದಪ್ಪ ಕಾಳು ಗುಬ್ಬಿಯ ಕೊಕ್ಕಿಗಾಗಲಿ ರಾಟವಾಳದ ಕೊಕ್ಕಿಗಾಗಲಿ ಹಿಡಿಯುವದಿಲ್ಲ. ಸಣ್ಣ ಕಾಳಿನ ಬೆಳೆ ಹೋದಂತೆ ಸಣ್ಣ ಹಕ್ಕಿಯ ಬುತ್ತಿಯೂ ಹೋಯಿತು.

ಈ ವಿಷಯವನ್ನು ಬರೆಯಲು ನನಗೆ ಅಧಿಕಾರವೇನು ಎಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಒಂದು ತಪ್ಪು ಇದೆ. ವರದಾ ನದಿಯ ಹತ್ತಿರ ನಮ್ಮದೊಂದು ಮೂರು ಎಕರೆಯ ಹೊಲವುಂಟು. ಎರಡು ವರುಷಗಳ ಹಿಂದೆ, ಬಿತ್ತಿಗೆಯ ಕಾಲ ಮುಗಿದ ಮೇಲೆ, ಅಂಗಡಿಯೊಂದರಲ್ಲಿ ಮಾರದೆ ಉಳಿದ ಗೋವಿನಜೋಳದ ಬೀಜದ ಚೀಲವೊಂದು ಅಗ್ಗವಾಗಿ ಸಿಕ್ಕಿತು. ಹಕ್ಕಿಗಳಿಗಾಯಿತೆಂದು ಅದನ್ನು ತಂದು, ಸ್ವಲ್ಪವನ್ನು ಹೊಲದ ಮೂಲೆಯಲ್ಲಿ ಬಿತ್ತಿ, ಉಳಿದುದನ್ನು ಒಡೆದು ನುಚ್ಚು ಮಾಡಿ ಬದುವಿನ ಮೇಲೆ ಚೆಲ್ಲಿದೆನು. ಕಾಳೆಲ್ಲ ಗುಲಾಲು ಬಳಿದಂತೆ ಕೆಂಪಾಗಿದ್ದವು. ಚೆಲುವಾಗಿಯೇ ಇವೆಯೆಂದು ಅಂದುಕೊಂಡೆನೇ ಹೊರತು, ಬಣ್ಣವೇಕೆ ಎಂದು ವಿಚಾರಿಸಲಿಲ್ಲ. ಮರುದಿನ ಮುಂಜಾನೆ ನನ್ನ ಮಗಳು ಬದುವಿನ ಕೆಳಗಿನಿಂದ ಮೂರು ಬೆಳವಗಳನ್ನು ಉಡಿಯಲ್ಲಿ ಹಾಕಿಕೊಂಡು ಬಂದಳು. ಎರಡು ಸತ್ತಿದ್ದವು, ಮೂರನೆಯದು ನಾವು ನೀರು ಬಿಡುವಷ್ಟರಲ್ಲಿ ಕತ್ತು ಚೆಲ್ಲಿತು. "ಅಪ್ಪಾ, ನಾವು ಹಾಕಿದ ಕಾಳಿನಿಂದಲೇ ಸತ್ತವೇನು?" ಎಂದು ಅವಳು ಕೇಳಿದಳು. ಹೌದೆನ್ನದೆ ನನಗೆ ಬೇರೆ ದಾರಿ ಇರಲಿಲ್ಲ.

ಮರುವರುಷದ ವೈಶಾಖದಲ್ಲಿ, ರೋಹಿಣಿಯ ಮಳೆಗೆ ಇನ್ನೂ ಹದಿನೈದು ದಿನಗಳಿರಲು, ಹಕ್ಕಿಗಳಿಗಾಗಿ ಐದು ಗುಂಟೆ ನೆಲವನ್ನು ಬಿಡಬೇಕೆಂದೂ, ಅದಕ್ಕೆ ಬೇಕಾದ ನಿರ್ದೋಷವಾದ ಬೀಜವನ್ನು ಹುಡುಕಿ ತರಬೇಕೆಂದೂ ನಿಶ್ಚಯಿಸಿ ನಾನು ಹೊರಟೆನು. ಈ ಲೇಖನವು ಆ ಸಂಚಾರದ ವೃತ್ತಾಂತವು.

ಮೊದಲು ಹೋದದ್ದು ಸವಣೂರಿಗೆ. 1948ರ ವರೆಗೆ ನವಾಬರ ಸಂಸ್ಥಾನದ ರಾಜಧಾನಿಯಾಗಿದ್ದ, ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ, ವೀಳ್ಯದೆಲೆಗೂ ಖಾರಕ್ಕೂ ಹೆಸರಾದ ಈ ಊರಿಗೆ ಬಂದವರು ದೊಡ್ಡಹುಣಸೆ ಕಲ್ಮಠದ ಅಂಗಳಕ್ಕೆ ಹೋಗದೆ ತಿರುಗಬಾರದು. ಅಲ್ಲಿಯ ದೊಡ್ಡಹುಣಸೆ ಮರಗಳ ಕುಲ ಆಫ್ರಿಕಾ ಖಂಡದ್ದು. ಆನೆಯ ಮೈಯಂಥ ಬೂದು ತೊಗಟೆಯ ಆ ಬೊಡ್ಡೆಗಳನ್ನು ಕಂಡಾಗ, ಎಂದೋ ಯಾರೋ ಕಡಲು ದಾಟಿ ತಂದ ಬೀಜವಲ್ಲವೇ ಇದು ಎಂಬ ಯೋಚನೆ ಬಾರದೆ ಇರದು. ಮೂರರಲ್ಲಿ ಒಂದು ಮರವು 2023ರ ಜುಲೈ ತಿಂಗಳ ಮಳೆಗೆ ಬುಡಸಹಿತ ಉರುಳಿದಾಗ ಊರು ಮರುಗಿತು. ಅದನ್ನು ಎತ್ತಿ ಮತ್ತೆ ನೆಡುವ ಯತ್ನವೂ ನಡೆಯಿತು.

ಸವಣೂರಿನ ಸುತ್ತಲಿನ ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳ ಇನ್ನೂ ಪೂರ್ಣ ಮರೆಯಾಗಿಲ್ಲ. ಪೇಟೆಯ ಕಾಳಿನ ವ್ಯಾಪಾರಿಯೊಬ್ಬರ ಬಳಿ ನಾನು, "ಬಿತ್ತಲಿಕ್ಕೆ ಸ್ವಲ್ಪ ಜೋಳ ಬೇಕು" ಎಂದೆನು. ಆತನು ನಕ್ಕು, "ಬೀಜದ ಅಂಗಡಿ ಆ ಕಡೆ ಅದ, ಅಣ್ಣಾರ, ನಮ್ಮದು ರೊಟ್ಟಿ ಜೋಳ" ಎಂದನು. ಹಕ್ಕಿಗಳಿಗೆಂದು ತಿಳಿಸಿದ ಮೇಲೆ, ಒಳಗಿನಿಂದ ಆ ವರುಷದ್ದೇ ರಾಶಿಯ ಮಾಲದಂಡಿ ಜೋಳವನ್ನು ತೆಗೆದು ತೋರಿಸಿದನು. "ಹೋದ ವರ್ಷದ್ದು ಒಯ್ಯಬ್ಯಾಡ್ರಿ, ಹುಳಾ ಬಿದ್ದದ್ದು ಹುಟ್ಟಂಗಿಲ್ಲ. ಇದರಾಗ ನೂರು ಕಾಳು ಎಣಿಸಿ ಹಸಿ ಅರಿವ್ಯಾಗ ಕಟ್ಟಿ ಇಡ್ರಿ, ಎಪ್ಪತ್ತೈದು ಮೊಳಕಿ ಒಡೆದರ ಬಿತ್ರಿ, ಇಲ್ಲಾಂದ್ರ ರೊಟ್ಟಿ ಮಾಡಿ ಉಣ್ರಿ" ಎಂದು ಆತನು ಹೇಳಿದ ಉಪಾಯವು ಎಷ್ಟು ಸರಳವೋ ಅಷ್ಟೇ ಶಾಸ್ತ್ರೀಯವಾದದ್ದು. ಜೋಳದ ಪ್ರಮಾಣಿತ ಬೀಜಕ್ಕೆ ಸರಕಾರವು ವಿಧಿಸಿದ ಮೊಳಕೆಯ ಮಿತಿಯೂ ನೂರಕ್ಕೆ 75ರಷ್ಟೇ. ಒಂದು ಕಿಲೋ ಜೋಳಕ್ಕೆ ಆತನು ರೊಟ್ಟಿ ಜೋಳದ ಧಾರಣೆಯನ್ನೇ ಹಿಡಿದನು. ಬೀಜಕ್ಕೆ ಬೀಜದ ಬೆಲೆಯನ್ನೇ ಕೊಡಬೇಕೆಂಬ ನನ್ನ ಮೊದಲಿನ ಭ್ರಮೆ ಅಲ್ಲಿಯೇ ಹರಿಯಿತು.

ಸವಣೂರಿನಿಂದ ಶಿಗ್ಗಾಂವಿಗೆ ಬಂದೆನು. ಕನಕದಾಸರ ಬಾಡವೂ ಶರೀಫ ಸಾಹೇಬರ ಶಿಶುನಾಳವೂ ಇರುವ ತಾಲೂಕು ಇದು. ಇಲ್ಲಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ಬಿತ್ತಿಗೆಯ ಬೀಜಕ್ಕಾಗಿ ಜನರು ಪಹಣಿಯ ಕಾಗದಗಳನ್ನು ಹಿಡಿದು ಸಾಲಾಗಿ ನಿಂತಿದ್ದರು. ಹೋಬಳಿಗೊಂದರಂತೆ ಇರುವ ಈ ಕೇಂದ್ರಗಳಲ್ಲಿ ಸರಕಾರದ ರಿಯಾಯಿತಿಯ ದರಕ್ಕೆ ಬೀಜ ದೊರೆಯುವದು. ಇದಕ್ಕಿಂತ ಅಗ್ಗದ ಪ್ರಮಾಣಿತ ಬೀಜ ಬೇರೆ ಕಡೆ ಸಿಗುವದು ಕಷ್ಟ. ಸಾಲು ಕರಗಿದ ಮೇಲೆ ಅಲ್ಲಿಯ ತರುಣ ಅಧಿಕಾರಿಯು ನನ್ನ ಕಥೆಯನ್ನು ತಾಳ್ಮೆಯಿಂದ ಕೇಳಿ, ಒಂದು ಚೀಲವನ್ನು ಎದುರಿಗಿಟ್ಟು ಅದರ ಚೀಟಿಯನ್ನು ಓದಿಸಿದನು.

ಬೀಜದ ಚೀಲದ ಚೀಟಿಯನ್ನು ಓದುವದು ನಮ್ಮಲ್ಲಿ ಬಹುಜನರಿಗೆ ರೂಢಿಯಿಲ್ಲವಾದ್ದರಿಂದ ಅದನ್ನು ಇಲ್ಲಿ ವಿವರಿಸುವದು ಉಚಿತವು. 1966ರಲ್ಲಿ ನಮ್ಮ ದೇಶದಲ್ಲಿ ಬೀಜ ಕಾಯಿದೆಯಾಯಿತು. ಹಳದಿ ಚೀಟಿಯದು ತಳಿಗಾರನ ಮೂಲ ಬೀಜ. ಬಿಳಿಯದು ಅದರಿಂದ ಬೆಳೆಸಿದ ಬುನಾದಿ ಬೀಜ. ನೀಲಿಯದು ಸರಕಾರದ ತಪಾಸಣೆಯಾದ ಪ್ರಮಾಣಿತ ಬೀಜ. ಹಸಿರು ಚೀಟಿಯದು ಮಾರುವವನು ತನ್ನ ಮಾತಿನ ಮೇಲೆಯೇ ಗುಣವನ್ನು ಬರೆದು ಕೊಡುವ ಬೀಜ. ಇದರ ಜೊತೆಗೆ ಬೀಜಕ್ಕೆ ಔಷಧ ಲೇಪಿಸಿದ್ದರೆ ಆ ಸಂಗತಿಯನ್ನೂ, ಅದನ್ನು ಆಹಾರಕ್ಕಾಗಲಿ ಮೇವಿಗಾಗಲಿ ಎಣ್ಣೆ ತೆಗೆಯಲಿಕ್ಕಾಗಲಿ ಬಳಸಬಾರದೆಂಬ ಎಚ್ಚರಿಕೆಯನ್ನೂ ಬರೆಯತಕ್ಕದ್ದು. ಕೆಂಪು ಬಣ್ಣವು ಅಲಂಕಾರಕ್ಕಲ್ಲ. ಇದು ವಿಷಲೇಪಿತವೆಂದು ಕಣ್ಣಿಗೆ ಕಾಣಲೆಂದೇ ಹಾಕುವದು. ಬೂಷ್ಟು ಹಿಡಿಯದಂತೆ ಥೈರಮ್, ಕ್ಯಾಪ್ಟಾನ್ ಮೊದಲಾದವುಗಳನ್ನೂ, ಹುಳ ಹತ್ತದಂತೆ ಇಮಿಡಾಕ್ಲೋಪ್ರಿಡ್‌ನಂಥವುಗಳನ್ನೂ ಲೇಪಿಸುವದುಂಟು. ಈ ಎರಡನೆಯ ಜಾತಿಯ ಔಷಧ ಹಚ್ಚಿದ ಗೋವಿನಜೋಳದ ಒಂದೇ ಕಾಳು ಚಿಕ್ಕದೊಂದು ಹಕ್ಕಿಯನ್ನು ಕೊಲ್ಲಬಲ್ಲದೆಂದು ಅಮೇರಿಕೆಯ ಪಕ್ಷಿಸಂರಕ್ಷಕರು 2013ರ ವರದಿಯೊಂದರಲ್ಲಿ ಪ್ರಕಟಿಸಿರುವರು. "ಬಿತ್ತಲಿಕ್ಕೆ ಇದು ಉತ್ತಮ ಬೀಜ, ಯಜಮಾನರ. ಆದರ ಮಣ್ಣೊಳಗ ಮುಚ್ಚಬೇಕು, ಮ್ಯಾಲೆ ಚೆಲ್ಲಬಾರದು. ಬಿತ್ತುವಾಗ ಉದುರಿದ್ದನ್ನೂ ಆರಿಸಿ ಮಣ್ಣು ಎಳೀಬೇಕು" ಎಂದು ಆ ತರುಣನು ಹೇಳಿದನು. ಉಡಿಯಲ್ಲಿದ್ದ ಮೂರು ಬೆಳವಗಳು ಆಗ ನನ್ನ ಕಣ್ಣೆದುರಿಗೆ ಬಂದವು.

ಅದೇ ತಾಲೂಕಿನ ಬಂಕಾಪುರಕ್ಕೆ ಮಧ್ಯಾಹ್ನ ಮುಟ್ಟಿದೆನು. ರಾಷ್ಟ್ರಕೂಟ ಅಮೋಘವರ್ಷನ ಸಾಮಂತನಾದ ಬಂಕೆಯರಸನ ಹೆಸರನ್ನು ಹೊತ್ತ ಈ ಊರಿನ ಕೋಟೆಯಲ್ಲಿ ಅರವತ್ತು ಕಂಬದ ಗುಡಿಯೆಂದು ಜನ ಕರೆಯುವ ನಗರೇಶ್ವರ ದೇವಾಲಯವಿದೆ. ಆದರೆ ನನ್ನನ್ನು ಅಲ್ಲಿಗೆ ಎಳೆದದ್ದು ಶಿಲ್ಪವಲ್ಲ, ನವಿಲು. 1963ರಲ್ಲಿ ರಾಷ್ಟ್ರಪಕ್ಷಿಯೆನಿಸಿದ ನವಿಲಿಗಾಗಿಯೇ ಇಲ್ಲಿಯ ಕೋಟೆಯ 139 ಎಕರೆ ಪ್ರದೇಶವನ್ನು 2006ರಲ್ಲಿ ರಕ್ಷಿತ ಧಾಮವೆಂದು ಗೊತ್ತುಮಾಡಲಾಗಿದೆ. ಕೋಟೆಯೊಳಗೆ ಖಿಲಾರಿ ದನಗಳ ತಳಿ ಸಂವರ್ಧನ ಕೇಂದ್ರವೊಂದು ಬಹುಕಾಲದಿಂದ ನಡೆದುಬಂದಿದೆ. ದನಗಳಿಗಾಗಿ ಬೆಳೆಸಿದ ಮೇವಿನ ಹೊಲದಲ್ಲಿ ನವಿಲಿಗೆ ಕಾಳು, ಹುಳು, ಚಿಗುರುಗಳು. ನೀರಿಲ್ಲದ ಹಳೆಯ ಕಂದಕದ ಪೊದೆಗಳಲ್ಲಿ ಅದಕ್ಕೆ ಬಿಸಿಲಿನ ಹೊತ್ತಿನ ಮರೆ. ಶತ್ರುಗಳನ್ನು ತಡೆಯಲು ತೋಡಿದ ಕಂದಕವು ಈಗ ನವಿಲಿನ ಬಾಣಂತಿಯ ಕೋಣೆಯಾಗಿದೆ.

ಅಲ್ಲಿ ಗಿಡದ ನೆರಳಿನಲ್ಲಿ ಕುಳಿತಿರಲು ಒಂದು ಹೆಣ್ಣು ನವಿಲು ನಾಲ್ಕು ಮರಿಗಳೊಡನೆ ಮೇವಿನ ಸಾಲನ್ನು ದಾಟಿ ಹೋಯಿತು. ನಾನು ಚೀಲದಲ್ಲಿದ್ದ ಜೋಳವನ್ನು ಒಂದು ಹಿಡಿ ಚೆಲ್ಲಲೆಂದು ಕೈಹಾಕಿ, ಮತ್ತೆ ತೆಗೆದುಕೊಂಡೆನು. ರಕ್ಷಿತ ಧಾಮದ ಪಕ್ಷಿಗೆ ಬಂದವರೆಲ್ಲ ಕಾಳು ಹಾಕತೊಡಗಿದರೆ ಅದು ಹುಳು ಹುಡುಕುವದನ್ನು ಬಿಟ್ಟು ಮನುಷ್ಯನ ಕೈ ನೋಡುವದು. ಹಕ್ಕಿಗೆ ಕೊಡಬೇಕಾದದ್ದು ಭಿಕ್ಷೆಯಲ್ಲ, ಬದುಕುವ ಜಾಗವೆಂಬುದನ್ನು ನಾನು ಬಂಕಾಪುರದಲ್ಲಿ ಕಲಿತೆನು. ಯಾರೂ ನವಿಲಿಗೆಂದು ಬಿತ್ತದಿದ್ದರೂ, ದನಕ್ಕೆಂದು ಬಿತ್ತಿ, ಪೊದೆಯನ್ನು ಕಡಿಯದೆ ಬಿಟ್ಟದ್ದರಿಂದಲೇ ಅಲ್ಲಿ ನವಿಲುಗಳು ನೆಲೆಸಿವೆ.

ಮರುದಿನ ಹಾನಗಲ್ಲಿಗೆ ಹೋದೆನು. ಅರೆಮಲೆನಾಡಿನ ಹಸಿರು ಇಲ್ಲಿಂದ ಮೊದಲಾಗುವದು. ಕದಂಬರ ಒಂದು ಶಾಖೆಯು ಆಳಿದ ಈ ಪಾನುಂಗಲ್ಲಿನಲ್ಲಿ ತಾರಕೇಶ್ವರನ ಗುಡಿಯ ಭುವನೇಶ್ವರಿಯ ಕೆಳಗೆ ನಿಂತು, ತಲೆಯ ಮೇಲೆ ತೂಗುವ ಕಲ್ಲಿನ ಕಮಲವನ್ನು ನೋಡುತ್ತ ಕತ್ತು ನೋಯಿಸಿಕೊಳ್ಳದ ಪ್ರವಾಸಿಗನಿಲ್ಲ. ಊರ ಹೊರಗೆ ಆನೆಕೆರೆ. ಅದರಾಚೆ ಕೂರಿಗೆಯಿಂದ ಬತ್ತವನ್ನು ಬಿತ್ತುವ ಹೊಲಗಳು.

ಹಾನಗಲ್ಲಿನ ಪೇಟೆಯಲ್ಲಿ ನಾನು ಎರಡನೆಯ ಸಲ ಮೋಸಹೋಗುತ್ತಿದ್ದೆನು. ಕಿರಾಣಿ ಅಂಗಡಿಯೊಂದರಲ್ಲಿ ನವಣಿ ಇದೆಯೆಂದು ಕೇಳಿ ಅರ್ಧ ಕಿಲೋ ಕಟ್ಟಿಸಿದೆನು. ಪಕ್ಕದಲ್ಲಿ ನಿಂತಿದ್ದ ಮುದುಕ ರೈತನೊಬ್ಬನು ಪೊಟ್ಟಣವನ್ನು ಬಿಚ್ಚಿಸಿ ಅಂಗೈಯಲ್ಲಿ ನಾಲ್ಕು ಕಾಳು ಹಾಕಿಕೊಂಡು, "ಇದು ನವಣಿ ಅಲ್ಲರೀ, ನವಣಕ್ಕಿ. ಸಿಪ್ಪಿ ತೆಗೆದದ್ದು ಅನ್ನಕ್ಕಾಗತದ, ಬಿತ್ತಾಕ ಆಗಂಗಿಲ್ಲ" ಎಂದನು. ಇಂದು ಆರೋಗ್ಯದ ಹೆಸರಿನಲ್ಲಿ ಎಲ್ಲೆಡೆಯೂ ಮಾರುವ ಸಿರಿಧಾನ್ಯಗಳು ಬಹುಶಃ ಹೀಗೆಯೇ ಸಿಪ್ಪೆ ಕಳೆದವು. ಅವುಗಳನ್ನು ನೆಲಕ್ಕೆ ಹಾಕಿದರೆ ಮೊಳೆಯುವದಿಲ್ಲ. ಬಿತ್ತುವವನು ಸಿಪ್ಪೆಯಿರುವ, ಹೊಳಪುಳ್ಳ ಇಡಿಯ ಕಾಳನ್ನೇ ಕೇಳಬೇಕು.

ಆ ರೈತನು ನನ್ನನ್ನು ಚಹದ ಅಂಗಡಿಯಲ್ಲಿ ಕೂಡ್ರಿಸಿಕೊಂಡು ಇನ್ನೂ ಕೆಲವು ಮಾತು ಹೇಳಿದನು. ಅಡವಿಯ ಅಂಚಿನವರು ಹಕ್ಕಿಯ ಹೆಸರಿನಿಂದ ಗೋವಿನಜೋಳ, ಶೇಂಗಾ ಹಾಕಬಾರದು. ಹಕ್ಕಿಗಿಂತ ಮೊದಲು ಕಾಡುಹಂದಿ ಬರುವದು, ಬಂದದ್ದು ಪಕ್ಕದವನ ಹೊಲವನ್ನೂ ಬಿಡದು. ಪಕ್ಕದವನ ಬೆಳೆಗೆ ಅಂಟಿಕೊಂಡಂತೆ ಹಕ್ಕಿಯ ಸಾಲನ್ನು ಹಾಕಬಾರದು. ನಮ್ಮ ಪುಣ್ಯಕ್ಕೆ ಅವನು ದಂಡ ತೆರುವಂತಾಗಬಾರದು. ಸಣ್ಣ ಕಾಳಿನ ಸಾವಿ, ನವಣಿ, ಸಜ್ಜಿಗಳನ್ನೇ ಕೂಡಿಸಿ ಹಾಕಬೇಕು. "ಎಕರೆಗೆ ಸಾವಿ ಬೀಜ ಎಷ್ಟು ಹಿಡಿಯುವದು?" ಎಂದು ನಾನು ಕೇಳಿದೆನು. "ಮೂರು-ನಾಲ್ಕು ಕಿಲೋ" ಎಂದನು. ಎಕರೆಗೆ 40 ಗುಂಟೆ. ಹಾಗಾದರೆ ಗುಂಟೆಗೆ 100 ಗ್ರಾಂ, ನನ್ನ ಐದು ಗುಂಟೆಗೆ ಅರ್ಧ ಕಿಲೋ! ಎಕರೆಗೆ ಮೂರು ಕಿಲೋ ಹಿಡಿಯುವ ಜೋಳವಾದರೂ ಐದು ಗುಂಟೆಗೆ 400 ಗ್ರಾಂ ಸಾಕು. ನಾನು ಎರಡು ದಿನ ನಾಲ್ಕು ಊರು ತಿರುಗಿ ಹುಡುಕುತ್ತಿದ್ದ ಬೀಜವು ಒಂದು ಕೈಚೀಲದಷ್ಟೂ ಇರಲಿಲ್ಲ.

ಆದರೂ ಸಾವಿಯ ಬೀಜ ಇನ್ನೂ ಕೈಗೆ ಬಂದಿರಲಿಲ್ಲ. ತಿಳವಳ್ಳಿ, ಚಿಕ್ಕೇರೂರುಗಳನ್ನು ದಾಟಿ ಸಂಜೆಗೆ ಹಿರೇಕೆರೂರನ್ನು ಸೇರಿದೆನು. ಏಕಾಂತದ ರಾಮಯ್ಯನ ಅಬಲೂರು ಈ ತಾಲೂಕಿನದು. ರಾಣೆಬೆನ್ನೂರು, ಹಿರೇಕೆರೂರುಗಳ ಭಾಗವು ಇಂದು ಇನ್ನೊಂದು ಕಾರಣಕ್ಕೆ ಹೆಸರಾಗಿದೆ: ಇದು ಬೀಜ ಬೆಳೆಯುವ ಸೀಮೆ. ಹತ್ತಿ, ಟೊಮೆಟೊ, ಮೆಣಸಿನಕಾಯಿ, ಬೆಂಡೆಗಳ ಸಂಕರ ಬೀಜವನ್ನು ಕಂಪನಿಗಳಿಗಾಗಿ ಇಲ್ಲಿಯ ಒಕ್ಕಲು ಮನೆತನಗಳು ಬೆಳೆಸಿಕೊಡುತ್ತವೆ. ಹೆಣ್ಣುಮಕ್ಕಳು ಒಂದೊಂದೇ ಹೂವಿನ ಕೇಸರವನ್ನು ಕೈಯಿಂದ ತೆಗೆದು, ಮತ್ತೊಂದು ಗಿಡದ ಪರಾಗವನ್ನು ಅದಕ್ಕೆ ಮುಟ್ಟಿಸುವ ಸೂಕ್ಷ್ಮ ಕೆಲಸವನ್ನು ನೋಡಿದರೆ, ಆ ಬೀಜಕ್ಕೆ ಬೆಲೆ ಹೆಚ್ಚೇಕೆಂಬುದು ತಿಳಿಯುವದು. ದೂರದೂರದ ಹೊಲಗಳಿಗೆ ಬೀಜ ಕಳಿಸುವ ಈ ಸೀಮೆಯಲ್ಲಿ ಒಂದು ಹಿಡಿ ಸಾವಿ ಸಿಗುವದೋ ಇಲ್ಲವೋ ಎಂದು ನನಗೆ ಸಂಶಯವಾಯಿತು.

ಪರಿಚಿತರೊಬ್ಬರು ನನ್ನನ್ನು ಹತ್ತಿರದ ಹಳ್ಳಿಯ ಒಬ್ಬ ಮುದುಕಿಯ ಮನೆಗೆ ಕರೆದೊಯ್ದರು. ಪಡಸಾಲೆಯ ತೊಲೆಗೆ ಹಕ್ಕಿಗಾಗಿ ಕಟ್ಟಿದ ಹಳೆಯ ತೆನೆಗೊಂಚಲು ತೂಗುತ್ತಿತ್ತು. ಆಕೆಯು ಒಳಗಿನಿಂದ ಬೂದಿ ಬೆರೆಸಿ ಬೇವಿನೆಲೆ ಮುಚ್ಚಿಟ್ಟಿದ್ದ ಕುಡಿಕೆಯನ್ನು ತಂದು, ಸಾವಿಯನ್ನು ಮರದಲ್ಲಿ ಕೇರಿ, ಒಂದು ಅಚ್ಚೇರು ಅಳೆದು ನನ್ನ ವಸ್ತ್ರದಲ್ಲಿ ಹಾಕಿದಳು. ನಾನು ಹಣ ತೆಗೆದಾಗ ಆಕೆ ಕೈ ಹಿಂದೆ ಸರಿಸಿದಳು.

"ಹಕ್ಕಿಗೆ ಅಂತ ಕೇಳಿದ ಮ್ಯಾಲೆ ರೊಕ್ಕಾ ಹ್ಯಾಂಗ ತಗೊಳ್ಳಲಿ, ತಮ್ಮಾ? ಬೀಜಕ್ಕ ಬೀಜಾನ ಕೊಡಬೇಕು. ಸುಗ್ಗಿಯಾದ ಮ್ಯಾಲೆ ಒಂದಕ್ಕ ಒಂದೂವರಿ ತಂದ ಹಾಕು."

"ಹಕ್ಕಿಗಳು ಎಲ್ಲವನ್ನೂ ತಿಂದರೆ, ಯವ್ವಾ?"

"ಮೊದಲ ಬೀಜಕ್ಕಂತ ಕೊಯ್ಕೊ. ಆಮ್ಯಾಲೆ ಹೊಲದ ಕಡೆ ಹೊಳ್ಳಿ ನೋಡಬ್ಯಾಡ."

ಈ ಒಂದು ಮಾತಿನಲ್ಲಿ ನನ್ನ ಸಂಚಾರದ ಫಲವೆಲ್ಲ ಅಡಗಿತ್ತು. ಬೀಜಕ್ಕೆ ಬೀಜವನ್ನೇ ಕೊಡುವ ಈ ಪದ್ಧತಿಯು ಕೇವಲ ಹಳೆಯ ಕಾಲದ ನೆನಪಲ್ಲ. ಶಿಗ್ಗಾಂವಿ, ಸವಣೂರುಗಳಿಗೆ ನೆರೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯಗಳ ಸಮುದಾಯ ಬೀಜ ಬ್ಯಾಂಕನ್ನು ಕಟ್ಟಿ, 2025ರಲ್ಲಿ ಸಂಯುಕ್ತ ರಾಷ್ಟ್ರಗಳ ಅಭಿವೃದ್ಧಿ ಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯನ್ನು ಪಡೆದಿರುವರು. ಸಣ್ಣ ಕಾಳಿನ ಸುಧಾರಿಸಿದ ತಳಿಗಳು ಬೇಕಾದವರು ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೇಂದ್ರದಲ್ಲಿ ವಿಚಾರಿಸಬಹುದು; ಸಿರಿಧಾನ್ಯಗಳ ಸಂಶೋಧನೆ ಅಲ್ಲಿ ನಡೆಯುವದು. ಆದರೆ ಎಲ್ಲಿಗೆ ಹೋದರೂ ಬಣ್ಣ ಹಚ್ಚದ, ಔಷಧ ತಾಗದ ಬೀಜವನ್ನೇ ಕೇಳಬೇಕೆಂಬುದನ್ನು ಮರೆಯಬಾರದು.

ಮೃಗಶಿರ ಮಳೆಗೆ ನೆಲ ಹದವಾಯಿತು. ಐದು ಗುಂಟೆಯಲ್ಲಿ ಕೂರಿಗೆ ಹೂಡಿ ಸಾವಿಯನ್ನು ಬಿತ್ತಿದೆವು. ಬದುವಿನ ಬಾರಿಗಿಡಗಳನ್ನು ಆ ವರುಷ ಕಡಿಯಲಿಲ್ಲ. ಸವಣೂರಿನ ಜೋಳವನ್ನು ಹಿಂಗಾರಿಗಾಗಿ ತೆಗೆದಿಟ್ಟೆವು. ಸಾವಿಯ ತೆನೆ ಮುಗಿದ ಮೇಲೆ ಬಿತ್ತಿದ ಆ ಜೋಳವು ಸುಗ್ಗಿಯ ಕೊನೆಯ ವರೆಗೆ, ಬೇರೆ ಹೊಲಗಳು ಬರಿದಾಗುವ ಕಾಲಕ್ಕೆ, ನಿಂತಿರುವದು. ಹೀಗೆ ಎರಡು ಬೆಳೆ ಸೇರಿದರೆ ಹಕ್ಕಿಗೆ ಆರು ತಿಂಗಳ ಬುತ್ತಿಯಾಗುವದು. ಖರ್ಚಿನ ಲೆಕ್ಕ ಬರೆಯಲು ಕುಳಿತಾಗ, ಒಂದು ಕಿಲೋ ಜೋಳದ ಹೊರತು ಬೀಜದ ಹೆಸರಿನಲ್ಲಿ ಬರೆಯಲು ಏನೂ ಇರಲಿಲ್ಲ. ಹಕ್ಕಿಯ ಹೊಲದಲ್ಲಿ ತುಟ್ಟಿಯಾದದ್ದು ಬೀಜವಲ್ಲ. ಬೆಳೆದು ನಿಂತ ಐದು ಗುಂಟೆ ಪೈರನ್ನು ಕೊಯ್ಯದೆ ಬಿಡುವ ಮನಸ್ಸು. ಅದು ಯಾವ ಪೇಟೆಯಲ್ಲಿಯೂ ಮಾರಾಟಕ್ಕಿಲ್ಲ.

ಸೀಗಿಹುಣ್ಣಿವೆಯ ದಿನ ಚರಗಕ್ಕೆಂದು ಎಲ್ಲರೂ ಹೊಲಕ್ಕೆ ಹೋದೆವು. ಮುದುಕಿಯ ಮಾತಿನಂತೆ ಒಂದಿಷ್ಟು ತೆನೆಯನ್ನು ಬೀಜಕ್ಕೆಂದು ನಾಲ್ಕು ದಿನ ಮೊದಲೇ ಕೊಯ್ದಿದ್ದೆನು. ನಾವು ಬಂಡಿಯಿಂದ ಇಳಿಯುವಷ್ಟರಲ್ಲಿ ಸಾವಿಯ ಮೇಲಿನಿಂದ ರಾಟವಾಳಗಳ ಹಿಂಡೊಂದು ಸುರ್ರೆಂದು ಎದ್ದು ಬಾರಿಗಿಡವನ್ನು ಸೇರಿತು. ಸಾಲಿನ ನಡುವೆ ಗೌಜುಗವೊಂದು ಕೂಗಿತು. ನನ್ನ ಮಗಳು ಊಟಕ್ಕೆ ಕರೆದರೂ ಬಾರದೆ ಬದುವಿನ ಮೇಲೆ ಕುಳಿತು ಏನನ್ನೋ ಎಣಿಸುತ್ತಿದ್ದಳು. ಹತ್ತಿರ ಹೋದೆನು. ಉದುರಿದ ಕಾಳುಗಳನ್ನು ಆರಿಸುತ್ತ ಬೆಳವಗಳು ನೆಲದ ಮೇಲೆ ಮೆಲ್ಲಗೆ ನಡೆದಾಡುತ್ತಿದ್ದವು.

"ಏಳು ಇವೆ, ಅಪ್ಪಾ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಜೆಯ ವರೆಗೆ ಇಲ್ಲಿಯೇ ಇದ್ದು ನೋಡಿ ಹೋಗೋಣ" ಎಂದಳು.

ನಾವು ದೀಪ ಹಚ್ಚುವ ಹೊತ್ತಿನ ವರೆಗೆ ಕುಳಿತೆವು. ಏಳೂ ಹಾರಿ ಗಿಡವನ್ನು ಸೇರಿದವು. ಮರುವಾರ ನಾನು ಮುಕ್ಕಾಲು ಸೇರು ಸಾವಿಯನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಹಿರೇಕೆರೂರಿನ ಬಸ್ಸನ್ನು ಹತ್ತಿದೆನು.